ಕೀವಿನ ಕೋಣೆ

ನನ್ನ ತವರು ಮದ್ದೂರಿನ ಕಡೆ, ಕೊಟ್ಟಿರುವುದು ಮಳವಳ್ಳಿ ತಾಲ್ಲೂಕಿಗೆ. ಹೆರಿಗೆ ಮಂಡ್ಯದ ಒಂದು ಆಸ್ಪತ್ರೆಯಲ್ಲಿ, ಸಿಸೇರಿಯನ್. ಮಗು ಚೆನ್ನಾಗಿತ್ತು. ತವರಿಗೆ ಬಂದ ಮೇಲೆ ಹೊಲಿಗೆಯ ಒಂದು ಮೂಲೆ ಕೆಂಪಾಗಿ ಚಳಿಜ್ವರ ಶುರುವಾಯಿತು. "ಥಂಡಿ ಹಿಡಿದದೆ ಕಣ" ಎಂದು ಅವ್ವ ಮೆಣಸು ಬೆಳ್ಳುಳ್ಳಿ ಸಾರು ಕುಡಿಸಿದಳು. ಸೀರೆಗೆ ಕೀವು ಅಂಟಿದ ದಿನ ಮದ್ದೂರಿಗೆ ಓಡಿದೆವು. ಅಲ್ಲಿಂದ ಮತ್ತೆ ಮಂಡ್ಯ.

ವಾರ್ಡಿನಲ್ಲಿ ಹೊಲಿಗೆ ಬಿಟ್ಟವಳು ನಾನೊಬ್ಬಳೇ ಆಗಿರಲಿಲ್ಲ. ಬೆಳಿಗ್ಗೆ ಡ್ರೆಸಿಂಗ್ ಗಾಡಿಯ ಸದ್ದಿಗೇ ಹೊಟ್ಟೆ ಬಿಗಿಯುತ್ತಿತ್ತು. ಗಾಯದೊಳಗೆ ತುಂಬಿದ ಬಟ್ಟೆಯನ್ನು ಮರುದಿನ ಎಳೆಯುವಾಗ ಸೆರಗು ಕಚ್ಚಿ ಹಿಡಿಯುತ್ತಿದ್ದೆ. ಇಡೀ ವಾರ್ಡಿಗೆ ಸಿಸ್ಟರ್ ಒಬ್ಬರೇ. ಅದೇ ತಟ್ಟೆ, ಅದೇ ಕತ್ತರಿ, ಅದೇ ಗ್ಲೌಸಿನಲ್ಲಿ ಪಕ್ಕದ ಮಂಚಕ್ಕೆ ಹೋಗುತ್ತಿದ್ದರು. ನಂಟರು ಬ್ರೆಡ್ಡು, ಬಾಳೆಹಣ್ಣು ಹಿಡಿದು ಬಂದು, ಬಸ್ಸಿನ ಕಂಬಿ ಹಿಡಿದ ಕೈಯಲ್ಲೇ ಕೂಸಿನ ಗಲ್ಲ ಹಿಂಡುತ್ತಿದ್ದರು. ನನಗೆ ಹೊರಳಲಾಗುತ್ತಿರಲಿಲ್ಲ, ಹಾಲೂಡಿಸುವಷ್ಟು ಹೊತ್ತೂ ಅವ್ವ ಮಗುವನ್ನು ಎದೆಗೆ ಒತ್ತಿ ಹಿಡಿದಿರಬೇಕಿತ್ತು. ಕೀವಿನ ಕಲ್ಚರ್ ಪರೀಕ್ಷೆಯ ವರದಿ ಬಂದ ಮೇಲೆ ಇಂಜೆಕ್ಷನ್ ಬದಲಾಯಿತು. ಗಾಯ ಶುದ್ಧವಾದ ಮೇಲೆ ಎರಡನೇ ಸಲ ಹೊಲಿದರು.

ನಾನು ಅಲ್ಲಿರುವಾಗಲೇ ಹೊಸದಾಗಿ ಬಂದ ಡಾಕ್ಟರಮ್ಮ ಕ್ರಮ ಬದಲಿಸಿದರು. ಕೀವು ಇದ್ದವರನ್ನೆಲ್ಲ ಬೇರೆ ಕೋಣೆಗೆ ಹಾಕಿದರು. ಒಣಗುತ್ತಿರುವ ಗಾಯಕ್ಕೆ ಮೊದಲು ಡ್ರೆಸಿಂಗ್, ನಮ್ಮದು ಕೊನೆಗೆ. ಒಬ್ಬೊಬ್ಬರಿಗೂ ರೋಗಾಣು ಕಳೆದ ಬೇರೆ ಬೇರೆ ಡ್ರೆಸಿಂಗ್ ಕಟ್ಟು. ಮಂಚಮಂಚಕ್ಕೂ ಕೈಗೆ ಹಚ್ಚುವ ದ್ರವದ ಬಾಟಲಿ. ಆಪರೇಷನ್ನಿಗೆ ಮುಂಚೆ ಬ್ಲೇಡಿನಲ್ಲಿ ಬೋಳಿಸುವುದನ್ನು ನಿಲ್ಲಿಸಿದರು. ಬ್ಲೇಡಿನ ಕಾಣದ ಗೀರುಗಳಲ್ಲೇ ರೋಗಾಣು ಕೂರುತ್ತದಂತೆ. ಆಂಟಿಬಯೋಟಿಕ್ಕನ್ನೂ ಕೊಯ್ಯುವ ಮೊದಲೇ ಕೊಡಬೇಕು. ವಿಶ್ವ ಆರೋಗ್ಯ ಸಂಸ್ಥೆ 2016ರಲ್ಲೇ ಈ ಎರಡನ್ನೂ ಹೇಳಿತ್ತು ಎಂದರು. 1847ರಲ್ಲಿ ವಿಯೆನ್ನಾದ ಹೆರಿಗೆ ಆಸ್ಪತ್ರೆಯಲ್ಲಿ ಸೆಮ್ಮೆಲ್‌ವೈಸ್ ಎಂಬ ವೈದ್ಯ ಕ್ಲೋರಿನ್ ನೀರಿನಲ್ಲಿ ಕೈ ತೊಳೆಸಿ ಬಾಣಂತಿಯರ ಸಾವು ಇಳಿಸಿದ ಕತೆಯನ್ನೂ ರೌಂಡ್ಸಿನಲ್ಲಿ ಹೇಳಿದರು. ಆತನನ್ನು ಜೊತೆಯ ಎಷ್ಟೋ ವೈದ್ಯರೇ ನಂಬಲಿಲ್ಲವಂತೆ.

ಆಗ ನನಗೆ ಅದು ಉಪಕಾರ ಅನ್ನಿಸಲಿಲ್ಲ. ಮೈಲಿಗೆಯವಳಂತೆ ಮೂಲೆಗೆ ತಳ್ಳಿದರು ಅನ್ನಿಸಿತು. ಒಬ್ಬರನ್ನೇ ಒಳಗೆ ಬಿಡುವುದು ಎಂದಾಗ ಅವ್ವ ಕಾವಲಿನವನ ಮೇಲೆ ಹಾರಿಬಿದ್ದಳು: "ಬಾಣಂತಿ ನೋಡಕ್ಕೆ ಬಂದೋರ್ನ ಬಾಗ್ಲಲ್ಲೇ ನಿಲ್ಲಿಸ್ತೀಯಲ್ಲ, ಮರ್ವಾದೆ ಬ್ಯಾಡ್ವಾ?" ಸಿಸ್ಟರ್‌ಗಳಿಗೂ ಕೋಪವಿತ್ತು, ಅದು ನ್ಯಾಯವೂ ಆಗಿತ್ತು. ಕೆಲಸ ಹೆಚ್ಚಾಯಿತು, ಕೈ ಹೆಚ್ಚಲಿಲ್ಲ. ಆದರೆ ನಾನು ಬಿಡುಗಡೆಯಾಗುವ ಹೊತ್ತಿಗೆ ನಮ್ಮ ಕೋಣೆಗೆ ಹೊಸಬರು ಬರುವುದು ಕಡಿಮೆಯಾಗಿತ್ತು.

2024ರ ನವೆಂಬರಿನಲ್ಲಿ ಬಳ್ಳಾರಿಯಲ್ಲಿ ಸಿಸೇರಿಯನ್ ಆದ ಬಾಣಂತಿಯರು ಸತ್ತ ಸುದ್ದಿ ಬಂದಾಗ ರಾತ್ರಿ ನಿದ್ದೆ ಹತ್ತಲಿಲ್ಲ. ಅಲ್ಲಿ ಬೆರಳು ತೋರಿಸಿದ್ದು ಡ್ರಿಪ್ಪಿನಲ್ಲಿ ಏರಿಸಿದ ದ್ರವದ ಕಡೆಗೆ. ವಾರ್ಡಿನಲ್ಲಿ ಎಷ್ಟು ಕೈ ತೊಳೆದರೂ ಬಾಟಲಿಯೊಳಗೇ ಬಂದದ್ದನ್ನು ಯಾರು ತಡೆದಾರು?

ಆಮೇಲೆ ನಾದಿನಿಯ ಹೆರಿಗೆಗೂ ಅದೇ ಆಸ್ಪತ್ರೆಗೆ ಹೋದೆವು. ಅವಳ ಮಂಚದಲ್ಲಿ ಕೈಗೆ ಹಚ್ಚುವ ದ್ರವದ ಬಾಟಲಿ ಖಾಲಿಯಾಗಿತ್ತು. ಸಿಸ್ಟರ್‌ಗೆ ಹೇಳಿದೆ. "ನಿಮಗೇ ಬಂತು ನೋಡಿ ಅವಸರ" ಎಂದರು. ಅವರು ತುಂಬಿಸಿ ತರುವವರೆಗೂ ನಾನು ಡ್ರೆಸಿಂಗಿಗೆ ಬಿಡಲಿಲ್ಲ.