ಬಾಣದ ಗುರುತಿನೊಳಗೆ ಏನಿದೆ

ರಾಸಾಯನಿಕ ಸಮೀಕರಣದಲ್ಲಿ ಎಡಕ್ಕೆ ಬೆರೆಸಿದ ವಸ್ತುಗಳು, ಬಲಕ್ಕೆ ಸಿಕ್ಕ ವಸ್ತುಗಳು, ನಡುವೆ ಒಂದು ಬಾಣ. ಎರಡೂ ಕಡೆಯ ಪರಮಾಣುಗಳನ್ನು ಎಣಿಸಿ ಸರಿದೂಗಿಸುವುದನ್ನು ಶಾಲೆಯಲ್ಲಿ ಕಲಿಸುತ್ತಾರೆ. ಬಾಣದ ಬಗ್ಗೆ ಯಾರೂ ಕೇಳುವುದಿಲ್ಲ. ಆದರೆ ಹಳೆಯ ಬಂಧ ಮುರಿದು ಹೊಸದು ಕೂಡುವುದು ಅಲ್ಲೇ.

ಅಲ್ಲಿ ಹುಟ್ಟಿ ಅಲ್ಲೇ ಮರೆಯಾಗುವ ಅಣುಗಳಲ್ಲಿ ಅರೈನ್ ಒಂದು. ಬೆಂಜೀನಿನಂಥ ಉಂಗುರದ ಅಕ್ಕಪಕ್ಕದ ಎರಡು ಇಂಗಾಲಗಳಿಂದ ಒಂದೊಂದು ಹೈಡ್ರೋಜನ್ ಕಿತ್ತರೆ ಉಳಿಯುವುದೇ ಅದು. ಹತ್ತಿರ ಸಿಕ್ಕಿದ್ದರೊಡನೆ ಕೂಡಿಕೊಂಡುಬಿಡುವುದರಿಂದ ಅದನ್ನು ಸೀಸೆಯಲ್ಲಿ ಹಿಡಿದಿಡಲಾಗದು.

ಹಾಗಿದ್ದರೆ ಅದು ಇತ್ತೆಂದು ಹೇಳುವುದು ಹೇಗೆ? 1953ರಲ್ಲಿ ಅಮೆರಿಕದ ಜಾನ್ ಡಿ. ರಾಬರ್ಟ್ಸ್ ಮತ್ತು ಸಂಗಡಿಗರು ಒಂದು ಜಾಣ ಪ್ರಯೋಗವನ್ನು ಪ್ರಕಟಿಸಿದರು. ಕ್ಲೋರೋಬೆಂಜೀನಿನಲ್ಲಿ ಕ್ಲೋರಿನ್ ಹಿಡಿದಿದ್ದ ಇಂಗಾಲದ ಜಾಗಕ್ಕೆ ವಿಕಿರಣಶೀಲ ಇಂಗಾಲ-14 ಇಟ್ಟು, ದ್ರವ ಅಮೋನಿಯಾದಲ್ಲಿ ಪೊಟ್ಯಾಸಿಯಂ ಅಮೈಡ್ ಬೆರೆಸಿದರು. ಕ್ಲೋರಿನ್ ಹೋದ ಜಾಗಕ್ಕೇ ಅಮೈನೋ ಗುಂಪು ಬರಬೇಕಿತ್ತು. ಸುಮಾರು ಅರ್ಧದಷ್ಟು ಅಣುಗಳಲ್ಲಿ ಅದು ಪಕ್ಕದ ಇಂಗಾಲಕ್ಕೆ ಹೋಗಿ ಕೂತಿತ್ತು. ಎಂದರೆ, ನಡುವೆ ಆ ಎರಡೂ ಇಂಗಾಲಗಳು ಸರಿಸಮವಾಗಿದ್ದ ಒಂದು ಅಣು ಇದ್ದಿರಲೇಬೇಕು. ಹೆಜ್ಜೆ ನೋಡಿ ಪ್ರಾಣಿ ಯಾವುದೆಂದು ಹೇಳಿದ ಹಾಗೆ.

ಪ್ರಾಣಿಯೇ ಕಂಡದ್ದು 2015ರಲ್ಲಿ. ಐಬಿಎಂನ ಜ್ಯೂರಿಕ್ ಪ್ರಯೋಗಾಲಯದ ಲಿಯೋ ಗ್ರಾಸ್ ತಂಡ ಸ್ಪೇನಿನ ರಸಾಯನವಿಜ್ಞಾನಿಗಳ ಜೊತೆ ಸೇರಿ, ಎರಡು ಅಯೋಡಿನ್ ಇರುವ ಬಹುಉಂಗುರದ ಅಣುವೊಂದನ್ನು ತಾಮ್ರದ ಮೇಲಿನ ಉಪ್ಪಿನ ತೆಳು ಪದರದಲ್ಲಿ ಇಟ್ಟಿತು. ಸುತ್ತ ನಿರ್ವಾತ, ತಾಪಮಾನ ಸುಮಾರು ಮೈನಸ್ 268 ಡಿಗ್ರಿ ಸೆಲ್ಸಿಯಸ್. ಸೂಜಿಮೊನೆಯಿಂದ ವಿದ್ಯುತ್ ಮಿಡಿತ ಕೊಟ್ಟು ಅಯೋಡಿನ್‌ಗಳನ್ನು ಕಳಚಿದರು. ತುದಿಯಲ್ಲಿ ಒಂದೇ ಒಂದು ಕಾರ್ಬನ್ ಮಾನಾಕ್ಸೈಡ್ ಅಣು ಅಂಟಿದ್ದ ಸೂಜಿ ಮೇಲಿನಿಂದ ಹಾಯುತ್ತ, ಅಣು ಒಡ್ಡುವ ಬಲವನ್ನು ಅಳೆಯಿತು. ಚಿತ್ರದಲ್ಲಿ ಉಂಗುರಗಳು ಮೂಡಿದವು.

ಕೂಡಲು ನೆರೆಯವರಿಲ್ಲದ್ದರಿಂದ ಅರೈನ್ ಅಲ್ಲಿ ಉಳಿಯಿತು. ಅದರ ಗುಣವೇನೂ ಬದಲಾಗಿರಲಿಲ್ಲ. ಆ ಚಳಿಯಲ್ಲೂ ಅದು ಕೂಡಿಕೊಳ್ಳಲು ಸಿದ್ಧವಾಗಿಯೇ ಇತ್ತು. ನಾವು ಅಲ್ಪಾಯು ಎಂದುಕೊಂಡದ್ದರಲ್ಲಿ ಅಣುವಿನ ಪಾಲೆಷ್ಟೋ, ಅದರ ನೆರೆಹೊರೆಯ ಪಾಲೂ ಅಷ್ಟೇ ಇತ್ತು.

ಚಿತ್ರ ಇನ್ನೊಂದು ಸಂಗತಿಯನ್ನೂ ಹೇಳಿತು. ಪಠ್ಯಪುಸ್ತಕಗಳು ಸಾಮಾನ್ಯವಾಗಿ ಅರೈನಿನ ಆ ಎರಡು ಇಂಗಾಲಗಳ ನಡುವೆ ಮೂರು ಗೆರೆ ಎಳೆದು ತ್ರಿಬಂಧ ತೋರಿಸುತ್ತವೆ. ಈ ಅಣುವಿನ ಬಂಧಗಳನ್ನು ಹೋಲಿಸಿದಾಗ, ದ್ವಿಬಂಧಗಳು ಒಂದರ ಪಕ್ಕ ಒಂದು ಸಾಲಾಗಿರುವ ರೂಪವೇ ಮುಖ್ಯವೆಂದು ತೋರಿತು. ಬಾಣದೊಳಗೆ ಒಂದು ಅಣುವಿದೆ ಎಂಬುದನ್ನು ರಾಬರ್ಟ್ಸ್ ಲೆಕ್ಕದಿಂದಲೇ ಹೇಳಿದ್ದರು. ಅದನ್ನು ಬರೆಯುವಾಗ ಗೆರೆ ಎಲ್ಲಿ ಎಳೆಯಬೇಕೆಂದು ತಿಳಿಯಲು ಮಾತ್ರ ಅದನ್ನು ಒಂಟಿಯಾಗಿ ಕೂರಿಸಿ ನೋಡಬೇಕಾಯಿತು.