ಅವ್ವನ ಮುಖಕ್ಕೆ ಎಷ್ಟು ಬೆಳಕು

ಆ ಫೋಟೋ ಇನ್ನೂ ನನ್ನ ಪೆಟ್ಟಿಗೆಯಲ್ಲಿದೆ. ಎಂಬತ್ತರ ದಶಕದ್ದು, ಏಳನೇ ಕ್ಲಾಸಿನ ಗ್ರೂಪ್ ಫೋಟೋ. ಶಾಲೆಯ ಹೆಸರು ಬೇಡ. ಮುಂದಿನ ಸಾಲಿನಲ್ಲಿ ಕುರ್ಚಿ ಮೇಲೆ ಮೇಷ್ಟ್ರುಗಳು, ಊರಿನ ದೊಡ್ಡವರು, ಬಿಳೀ ಪಂಚೆ, ಬಿಳೀ ಶರ್ಟು. ಅವರ ಹಿಂದೆ ಊರ ಮಕ್ಕಳು. ಎಲ್ಲರಿಗಿಂತ ಹಿಂದೆ, ಗೋಡೆಗೆ ಒತ್ತಿಕೊಂಡು ಬೆಂಚಿನ ಮೇಲೆ ನಿಂತವರು ನಾವು, ಕೇರಿಯ ಆರು ಜನ. ಫೋಟೋ ಬಂದಾಗ ಆ ಸಾಲಿನಲ್ಲಿ ಮುಖಗಳೇ ಇರಲಿಲ್ಲ. ಆರು ಜೊತೆ ಕಣ್ಣು, ಒಂದಿಷ್ಟು ಹಲ್ಲು.

‘ಏನ್ಮಾಡದು, ನಿಮ್ ಬಣ್ಣಾನ ರೀಲು ಹಿಡಿಯಲ್ಲ ಕಣ್ರೋ’ ಅಂದ ಫೋಟೋದವನು. ಎಲ್ಲರೂ ನಕ್ಕರು. ನಾವೂ ನಕ್ಕೆವು. ನಕ್ಕಿದ್ದು ನೆನೆದರೆ ಈಗಲೂ ಮೈ ಉರಿಯುತ್ತದೆ.

ರೀಲು ಹಿಡಿಯಲ್ಲ ಅನ್ನೋ ಮಾತನ್ನು ನಾನು ಎಷ್ಟೋ ವರ್ಷ ನಂಬಿದ್ದೆ. ಆಮೇಲೆ ಹೊಟ್ಟೆಪಾಡಿಗೆ ಒಂದು ಸ್ಟುಡಿಯೊ ಸೇರಿ, ಕಸ ಗುಡಿಸಿ, ಕತ್ತಲೆ ಕೋಣೆಯಲ್ಲಿ ಟ್ರೇ ತೊಳೆದು, ಕೊನೆಗೆ ಕ್ಯಾಮೆರಾ ಮುಟ್ಟುವ ಹೊತ್ತಿಗೆ ಲೆಕ್ಕ ತಿಳಿಯಿತು.

ಲೆಕ್ಕ ಇಷ್ಟೇ. ಪ್ರತಿ ಫ್ಲಾಶಿಗೂ ಒಂದು ಗೈಡ್ ನಂಬರ್ ಇರುತ್ತದೆ. 100 ವೇಗದ ಫಿಲಮ್ಮಿಗೆ ಅದು 24 ಅನ್ನಿ. ಮೂರು ಮೀಟರ್ ದೂರದ ಮನುಷ್ಯನಿಗೆ 24ನ್ನು 3ರಿಂದ ಭಾಗಿಸಿ, ಎಫ್/8. ಕುರ್ಚಿಯ ದೊಡ್ಡವರು ಮೂರು ಮೀಟರಿನಲ್ಲಿ ಕೂತಿದ್ದರು, ಅವರಿಗೆ ಎಫ್/8 ಸರಿಯಾಯಿತು. ಗೋಡೆಗೆ ಒತ್ತಿಕೊಂಡ ನಾವು ಹತ್ತಿರ ಹತ್ತಿರ ನಾಲ್ಕೂವರೆ ಮೀಟರಿನಲ್ಲಿದ್ದೆವು. ಬೆಳಕು ದೂರದ ವರ್ಗಕ್ಕೆ ತಕ್ಕಂತೆ ಇಳಿಯುತ್ತದೆ. ಒಂದೂವರೆ ಪಟ್ಟು ದೂರ ಹೋದರೆ ಅರ್ಧಕ್ಕೂ ಕಡಿಮೆ ಉಳಿಯುತ್ತದೆ. ಕಪ್ಪು ಚರ್ಮ ಬಂದ ಬೆಳಕಿನಲ್ಲಿ ಸ್ವಲ್ಪವನ್ನೇ ಹಿಂದಿರುಗಿಸುತ್ತದೆ. ಮೇಲಾಗಿ ಆಟೋ ಫ್ಲಾಶ್ ಆಗಿದ್ದರೆ ಅದರ ಕಣ್ಣು ಮುಂದಿನ ಬಿಳೀ ಶರ್ಟುಗಳನ್ನೇ ನೋಡಿ ‘ಸಾಕು’ ಅಂತ ಮೊದಲೇ ಆರಿಬಿಡುತ್ತದೆ. ಹೀಗೆ ಮೂರು ಕಡೆ ಕಳೆದ ಮೇಲೆ ನೆಗೆಟಿವ್‌ನಲ್ಲಿ ನಮಗೆ ಏನು ಉಳೀತದೆ?

ಅವನು ಏನು ಮಾಡಬಹುದಿತ್ತು ಗೊತ್ತೇ? ಲೆನ್ಸಿನ ಉಂಗುರವನ್ನು ಒಂದು ಮೆಟ್ಟಿಲು ತಿರುಗಿಸಿ ಎಫ್/5.6 ಇಡಬಹುದಿತ್ತು. ಟಕ್ ಅಂತ ಒಂದು ಸದ್ದು. ಕಪ್ಪು ಬಿಳುಪು ಫಿಲಮ್ಮು ಒಂದು ಮೆಟ್ಟಿಲು ಹೆಚ್ಚು ಬೆಳಕನ್ನು ಸುಲಭವಾಗಿ ತಾಳಿಕೊಳ್ಳುತ್ತದೆ. ದೊಡ್ಡವರ ಪಂಚೆ ಕೊಂಚ ಹೊಳೆದರೆ ಪ್ರಿಂಟು ಹಾಕುವಾಗ ಅಲ್ಲಿಗೆ ಜಾಸ್ತಿ ಬೆಳಕು ಕೊಟ್ಟು ಸರಿಮಾಡಬಹುದು. ಆದರೆ ನೆಗೆಟಿವ್‌ನಲ್ಲೇ ಇಲ್ಲದ ಮುಖವನ್ನು ಯಾವ ಕತ್ತಲೆ ಕೋಣೆಯೂ ಕೊಡಲಾರದು. ಅಥವಾ ನಮ್ಮನ್ನು ಮುಂದೆ ಕೂರಿಸಬಹುದಿತ್ತು. ಅದಕ್ಕೆ ಉಂಗುರ ತಿರುಗಿಸುವುದೂ ಬೇಕಿರಲಿಲ್ಲ.

ಫೋಟೋದವನೊಬ್ಬನ ಮೇಲೆ ತಪ್ಪು ಹಾಕಿ ಸುಮ್ಮನಾಗೋಣ ಅಂದರೆ ಅದೂ ಆಗುವುದಿಲ್ಲ. ಅಮೆರಿಕದ ಕೊಡಾಕ್ ಕಂಪನಿ ಬಣ್ಣದ ಪ್ರಿಂಟು ಸರಿಯಾಗಿದೆಯೇ ಅಂತ ನೋಡಲು ಲ್ಯಾಬುಗಳಿಗೆ ಒಂದು ಕಾರ್ಡು ಕಳಿಸುತ್ತಿತ್ತು. ಅದರ ಮೇಲೆ ಬಿಳೀ ಹೆಂಗಸಿನ ಚಿತ್ರ; ‘ಶರ್ಲಿ ಕಾರ್ಡು’ ಅಂತ ಅದರ ಹೆಸರು. ಅವಳ ಕೆನ್ನೆ ಸರಿ ಬಂದರೆ ಲೋಕವೆಲ್ಲ ಸರಿ. ಲೋರ್ನಾ ರಾತ್ ಎಂಬ ವಿದ್ವಾಂಸೆ 2009ರಲ್ಲಿ ಇದರ ಬಗ್ಗೆ ಬರೆದಿದ್ದಾರೆ. ಫಿಲಮ್ಮನ್ನು ಸುಧಾರಿಸುವಂತೆ ಒತ್ತಾಯ ಬಂದದ್ದು ಕರಿಯ ಜನರ ದೂರಿನಿಂದಲ್ಲವಂತೆ. ಚಾಕೊಲೇಟ್ ಮಾಡುವವರು, ಮರದ ಕುರ್ಚಿ ಮೇಜು ಮಾರುವವರು ತಮ್ಮ ಸರಕಿನ ಕಂದು ಛಾಯೆಗಳು ಬೇರೆ ಬೇರೆಯಾಗಿ ಕಾಣುತ್ತಿಲ್ಲ ಅಂತ ಗೊಣಗಿದ ಮೇಲೆ. ಕುರ್ಚಿಗೆ ಇದ್ದ ಬೆಲೆ ಮುಖಕ್ಕೆ ಇರಲಿಲ್ಲ.

ಇನ್ನೊಂದು ಕೇಳಿ. ಪೋಲರಾಯ್ಡ್ ಕಂಪನಿಯ ಐಡಿ-2 ಎಂಬ ಗುರುತಿನ ಚೀಟಿ ಕ್ಯಾಮೆರಾದಲ್ಲಿ ಫ್ಲಾಶಿನ ಬಲ ಹೆಚ್ಚಿಸುವ ಒಂದು ಗುಂಡಿ ಇತ್ತು. ಈ ಕಂಪನಿಯ ಫಿಲಮ್ಮು ದಕ್ಷಿಣ ಆಫ್ರಿಕದಲ್ಲಿ ಕರಿಯರ ಓಡಾಟ ಕಾಯುವ ಪಾಸ್‌ಬುಕ್ಕಿನ ಫೋಟೋಗಳಿಗೆ ಬಳಕೆಯಾಗುತ್ತಿತ್ತು. 1970ರಲ್ಲಿ ಅದೇ ಕಂಪನಿಯ ಕರಿಯ ನೌಕರರಾದ ಕೆರೊಲಿನ್ ಹಂಟರ್ ಮತ್ತು ಕೆನ್ ವಿಲಿಯಮ್ಸ್ ಇದರ ವಿರುದ್ಧ ನಿಂತರು. ಕೆಲಸ ಕಳಕೊಂಡರು. ಕಂಪನಿ ದಕ್ಷಿಣ ಆಫ್ರಿಕ ಬಿಟ್ಟದ್ದು 1977ರಲ್ಲಿ. ಹಿಡಿಯಬೇಕು ಅಂದಾಗ ಮಾತ್ರ ನಮ್ಮ ಮುಖಕ್ಕೆ ಬೆಳಕು ಬಿಡುತ್ತಾರೆ.

ಇರಲಿ, ಅವ್ವನ ವಿಷಯಕ್ಕೆ ಬರುತ್ತೇನೆ. ಗೆಂಡೆಹಳ್ಳಿ ಸುತ್ತಿನ ಕಾಫಿ ತೋಟಗಳಲ್ಲಿ ಬದುಕೆಲ್ಲ ಹಣ್ಣು ಕಿತ್ತವಳು ಅವ್ವ. ಪಿಂಚಣಿಗೆ ಫೋಟೋ ಬೇಕಾಗಿ ಪೇಟೆಯ ಒಂದು ಸ್ಟುಡಿಯೊಕ್ಕೆ ಹೋಗಿದ್ದಳು. ಅಲ್ಲಿ ಪೌಡರ್ ಬಳಿದು, ಆಮೇಲೆ ಕಂಪ್ಯೂಟರಿನಲ್ಲೂ ತಿಕ್ಕಿ ಕೊಟ್ಟಿದ್ದರು. ಮನೆಗೆ ತಂದು ದೀಪದ ಹತ್ತಿರ ಹಿಡಿದು ನೋಡಿದಳು. ‘ಯಾರ್ಲಾ ಇವ್ಳು? ಯಾರೋ ಅಮ್ನೋರ ಚೀಟಿ ನಂಗೆ ಕೊಟ್ಟವ್ರೆ’ ಅಂದಳು.

ನಾನು ಸ್ವಂತ ಒಂದು ಕೋಣೆ ಬಾಡಿಗೆ ಹಿಡಿದ ಮೇಲೆ ಮೊದಲು ಕೂರಿಸಿದ್ದು ಅವಳನ್ನೇ. ಹೇಗೆ ತೆಗೆದೆ ಅಂತ ಹೇಳುತ್ತೇನೆ. ಕೇರಿಯ ಹುಡುಗರು ಈಗ ಕ್ಯಾಮೆರಾ ಹಿಡಿದಿದ್ದಾರೆ, ಅವರಿಗೆ ಬೇಕಾದೀತು. ಎಲ್ಲ ಮ್ಯಾನುಯಲ್. ಐಎಸ್‌ಒ 100, ಷಟರ್ 1/125. ಫ್ಲಾಶ್ ಮಿಂಚಿ ಮಾಯವಾಗುವುದು ಅದಕ್ಕಿಂತ ಬೇಗ, ಹಾಗಾಗಿ ಷಟರಿನಿಂದ ಫ್ಲಾಶಿನ ಬೆಳಕು ಹೆಚ್ಚು ಕಡಿಮೆ ಆಗುವುದಿಲ್ಲ. ಆದರೆ 1/500ಕ್ಕೆ ಏರಿಸಿದರೆ ಬಹಳಷ್ಟು ಕ್ಯಾಮೆರಾಗಳಲ್ಲಿ ಪರದೆ ಪೂರ್ತಿ ತೆರೆಯುವುದಿಲ್ಲ, ಚಿತ್ರದಲ್ಲಿ ಕರೀ ಪಟ್ಟಿ ಬೀಳುತ್ತದೆ. ಬೆಳಕನ್ನು ಆಳುವುದು ಎಫ್ ನಂಬರು ಮತ್ತು ದೀಪದ ದೂರ, ಇವೆರಡೇ.

ಕ್ಯಾಮೆರಾದ ಒಳಗಿನ ಮೀಟರು ಎದುರಿಗಿರುವುದನ್ನೆಲ್ಲ ಬೂದು ಅಂತ ತಿಳಿಯುತ್ತದೆ. ಕೈ ಮೀಟರು ಹಾಗಲ್ಲ. ಅದರ ಬಿಳೀ ಗುಮ್ಮಟವನ್ನು ಗಲ್ಲದ ಹತ್ತಿರ ಹಿಡಿದರೆ ಬೀಳುವ ಬೆಳಕನ್ನಷ್ಟೇ ಅಳೆಯುತ್ತದೆ, ಚರ್ಮ ಯಾವುದು ಅಂತ ಕೇಳುವುದಿಲ್ಲ. ಅದು ಎಫ್/8 ಅಂದಿತು. ನಾನು ಅರ್ಧ ಮೆಟ್ಟಿಲು ತೆರೆದೆ. ಫ್ಲಾಶಿಗೆ ಬಿಳೀ ಛತ್ರಿ ಕಟ್ಟಿ, ಒಂದು ಮಗ್ಗುಲಿಂದ, ಕಣ್ಣಿಗಿಂತ ಕೊಂಚ ಮೇಲೆ ಇಟ್ಟೆ. ಇನ್ನೊಂದು ಮಗ್ಗುಲಿಗೆ ಥರ್ಮಾಕೋಲ್ ಹಲಗೆ. ಹಿಂದೆ ಬಿಳೀ ಪರದೆ ಇಡಲಿಲ್ಲ, ಬೂದು ಕಂಬಳಿ ಇಳಿಬಿಟ್ಟೆ. ಪೌಡರ್ ಇಲ್ಲ. ಕಪ್ಪು ಮುಖದ ಆಕಾರ ಎದ್ದು ಬರುವುದೇ ಅದರ ಹೊಳಪಿನಲ್ಲಿ. ಹೊಳಪು ಒರೆಸಿದರೆ ಮುಖವನ್ನೇ ಒರೆಸಿದಂತೆ.

ಇದನ್ನು ನನಗೆ ಕಲಿಸಿದ್ದು ಹಳೇಬೀಡಿನ ಕಲ್ಲು. ನೆತ್ತಿ ಮೇಲೆ ಮೋಡ ಕವಿದಾಗ ಆ ಗೋಡೆ ಬರೀ ಗೋಡೆ. ಸಂಜೆಯ ಓರೆ ಬಿಸಿಲು ಬಿದ್ದರೆ ಆನೆಯ ಸೊಂಡಿಲೂ ಎದ್ದು ಬರುತ್ತದೆ. ಎದುರಿನಿಂದ ಫ್ಲಾಶ್ ಹೊಡೆಯುವ ಪ್ರವಾಸಿಗಳಿಗೆ ಅದು ಸಿಕ್ಕುವುದಿಲ್ಲ. ಆ ಕಪ್ಪು ಕಲ್ಲನ್ನು ಚೆಲುವು ಅನ್ನಲು ಜಗತ್ತೇ ಬರುತ್ತದೆ, ಯಾರೂ ಅದಕ್ಕೆ ಪೌಡರ್ ಹಚ್ಚುವುದಿಲ್ಲ.

ಅವ್ವ ಫೋಟೋ ನೋಡಿ ಮೊದಲು ಏನೂ ಅನ್ನಲಿಲ್ಲ. ಹುಬ್ಬಿನ ಮೇಲೆ ಬೆರಳಿಟ್ಟಳು. ‘ಕಾಫಿ ಗಿಡದ ಕೊಂಬೆ ಹೊಡ್ದಿದ್ದು. ಇದೂ ಬಂದದೆ’ ಅಂದಳು.

ಸುದ್ದಿ ಕೇರಿಯಲ್ಲಿ ಹಬ್ಬಿತು. ಒಂದು ದಿನ ನೆಂಟರ ಹೆಂಗಸು ಮಗಳನ್ನು ಕರಕೊಂಡು ಬಂದಳು. ಹುಡುಗಿ ಡಿಗ್ರಿ ಓದಿದವಳು, ಗಂಡಿನ ಕಡೆಗೆ ಕಳಿಸಲು ಫೋಟೋ. ಅವ್ವನಿಗೆ ಇಟ್ಟ ಬೆಳಕನ್ನೇ ಇಟ್ಟು ತೆಗೆದೆ. ತಾಯಿ ಹತ್ತಿರ ಬಂದು ಮೆಲ್ಲಗೆ, ‘ಒಸಿ ಬೆಳ್ಳಗ್ ಮಾಡಪ್ಪ’ ಅಂದಳು. ನಾನು ಇಲ್ಲಿ ಬರೆದಿರುವುದನ್ನೆಲ್ಲ ಅವಳ ಮುಂದೆ ಹೇಳಿದೆ. ಪೂರ್ತಿ ಕೇಳಿದಳು. ‘ನೀನು ಹೇಳದು ಸರಿ. ಆದ್ರೆ ಆ ಗಂಡಿನ ಅವ್ವಂಗೆ ನೀನು ಬಂದು ಹೇಳ್ತೀಯಾ?’ ಅಂದಳು.

ಎರಡು ಪ್ರತಿ ಮಾಡಿದೆ. ಬೆಳ್ಳಗಿನದನ್ನು ತೆಗೆದುಕೊಂಡು ಹೋದರು. ಇನ್ನೊಂದು ನನ್ನ ಮೇಜಿನ ಡ್ರಾಯರಿನಲ್ಲಿದೆ. ಹುಡುಗಿ ಬಾಗಿಲ ಹತ್ತಿರ ಹೋದವಳು ತಿರುಗಿ, ‘ಅದು ಇರ್ಲಿ ಅಣ್ಣ, ಆಮೇಲ್ ತಗೊಂಡೋಯ್ತೀನಿ’ ಅಂದಿದ್ದಳು. ಇನ್ನೂ ಬಂದಿಲ್ಲ.