ದಾನ ಮತ್ತು ಲೆಕ್ಕ

ದಾನಿಗಳನ್ನು ಲೋಕವು ಬಹುವಿಧವಾಗಿ ಕೊಂಡಾಡಿದೆ. ಕೊಟ್ಟವರ ಹೆಸರು ಶಿಲೆಯಲ್ಲಿ ನಿಂತಿದೆ, ತಾಮ್ರಪಟದಲ್ಲಿ ಉಳಿದಿದೆ. ಆದರೆ ಆ ದಾನವನ್ನು ಕಾಸು ಕಾಸಾಗಿ ಕಾಯ್ದು, ಉದ್ದೇಶ ತಪ್ಪದಂತೆ ವಿನಿಯೋಗಿಸಿ, ವರ್ಷಾಂತ್ಯದಲ್ಲಿ ನಾಲ್ವರ ಮುಂದೆ ಲೆಕ್ಕವನ್ನೊಪ್ಪಿಸಿದವರ ಹೆಸರು ಬಹುಮಟ್ಟಿಗೆ ಅಜ್ಞಾತವಾಗಿಯೇ ಉಳಿದಿದೆ. ಸೇವಾಸಂಸ್ಥೆಯೊಂದು ಬಾಳುವುದು ದಾನದಿಂದ ಎಂಬುದು ಅರ್ಧ ಸತ್ಯ. ಲೆಕ್ಕದಿಂದ ಎಂಬುದು ಉಳಿದರ್ಧ.

ಬೆಳ್ತಂಗಡಿ ತಾಲ್ಲೂಕಿನ ಗುರುವಾಯನಕೆರೆ ಹೆಸರಿಗೆ ತಕ್ಕಂತೆ ವಿಶಾಲವಾದ ಕೆರೆಯೊಂದನ್ನು ಮಡಿಲಲ್ಲಿಟ್ಟುಕೊಂಡ ಊರು. ಮಂಗಳೂರು, ಕಾರ್ಕಳ, ಉಪ್ಪಿನಂಗಡಿಗಳ ಕಡೆಯ ದಾರಿಗಳು ಅಲ್ಲಿ ಕೂಡುತ್ತವೆ. ಆ ಊರಿನ ನಿವೃತ್ತ ಉಪಾಧ್ಯಾಯರೊಬ್ಬರು ಒಂದು ಚಿಕ್ಕ ಸೇವಾಸಂಸ್ಥೆಗೆ ಕೋಶಾಧಿಕಾರಿಗಳಾಗಿದ್ದರು. ಒಂದು ಶಿಶುವಿಹಾರ, ಒಂದು ವಾಚನಾಲಯ: ಇಷ್ಟೇ ಆ ಸಂಸ್ಥೆಯ ಸಂಸಾರ. ಆಸ್ತಿಯೆಂದರೆ ಹೆಂಚಿನ ಮನೆಯೊಂದು, ಮರದ ಕಪಾಟೊಂದು, ಅದರೊಳಗೆ ಮಾಸ್ತರರ ಖಾತೆಪುಸ್ತಕಗಳು.

ಅವರ ತಂದೆಯ ಕಾಲದಲ್ಲಿ ಈ ಪ್ರಾಂತ್ಯದ ಧರ್ಮಸಂಸ್ಥೆಗಳ ಆಯವ್ಯಯವೆಂದರೆ ಅಕ್ಕಿಯ ಲೆಕ್ಕವೇ ಆಗಿತ್ತು. ಗೇಣಿಯ ಅಕ್ಕಿ ಮುಡಿಮುಡಿಯಾಗಿ ಉಗ್ರಾಣವನ್ನು ಸೇರುತ್ತಿತ್ತು. ಪೂಜೆ, ಅನ್ನದಾನ, ಉತ್ಸವಗಳು ಅದರಿಂದಲೇ ನಡೆಯುತ್ತಿದ್ದವು. ಭೂಸುಧಾರಣಾ ಕಾಯಿದೆಯ ತಿದ್ದುಪಡಿಯಿಂದ 1974ರ ಮಾರ್ಚ್ 1ರಂದು ಗೇಣಿಯ ಭೂಮಿ ಸರ್ಕಾರಕ್ಕೆ ಸೇರಿ, ಉಳುವವನು ಒಡೆಯನಾಗಲು ದಾರಿಯಾಯಿತು. ಅದು ನ್ಯಾಯವೇ ಸರಿ. ಆದರೆ ಗೇಣಿಯನ್ನೇ ನಂಬಿದ್ದ ಸಂಸ್ಥೆಗಳು ಸರ್ಕಾರದ ವರ್ಷಾಶನಕ್ಕೂ ಭಕ್ತರ ಕಾಣಿಕೆಗೂ ಕೈಯೊಡ್ಡಬೇಕಾಯಿತು. ಅಂದಿನಿಂದ ಮುಡಿಯ ಲೆಕ್ಕ ಹೋಗಿ ರೂಪಾಯಿಯ ಲೆಕ್ಕ ಬಂದಿತು. ಭೂಮಿ ವರ್ಷ ವರ್ಷವೂ ತಾನಾಗಿ ಬೆಳೆಯುತ್ತಿತ್ತು. ರೂಪಾಯಿಯನ್ನಾದರೋ ವರ್ಷ ವರ್ಷವೂ ಹೊಸದಾಗಿ ಬೇಡಬೇಕು.

ಒಂದು ವರ್ಷ ಆ ಶಿಶುವಿಹಾರದ ಅಧ್ಯಾಪಿಕೆಗೆ ಮೂರು ತಿಂಗಳ ಸಂಬಳ ಬಾಕಿಯಾಯಿತು. ಅದೇ ವೇಳೆಗೆ ಕಟ್ಟಡ ನಿಧಿಯಲ್ಲಿ ಸಾಕಷ್ಟು ಹಣವಿತ್ತು. ಕಾರ್ಯಕಾರಿ ಸಮಿತಿಯ ಸದಸ್ಯರೊಬ್ಬರು, “ಸದ್ಯಕ್ಕೆ ಅದರಿಂದ ತೆಗೆದು ಕೊಡೋಣ ಮಾಸ್ಟ್ರೇ, ಯಾರಿಗೆ ತಿಳಿಯುತ್ತದೆ?” ಎಂದರು. ಮಾಸ್ತರರು ಕನ್ನಡಕವನ್ನು ತೆಗೆದು ಒರೆಸಿಕೊಂಡು, “ಖಾತೆಗೆ ತಿಳಿಯುತ್ತದೆ” ಎಂದಷ್ಟೇ ನುಡಿದರು.

ಆ ವಾರವೇ ಅಡಕೆ ತೋಟದ ಶ್ರೀಮಂತರೊಬ್ಬರು ಬಂದು ಸಂಸ್ಥೆಗೆ ಮಹಾದ್ವಾರವನ್ನು ಕಟ್ಟಿಸಿಕೊಡುವುದಾಗಿ ಹೇಳಿದರು. ತಮ್ಮ ತಾಯಿಯ ಹೆಸರು ಅದರ ಮೇಲಿರಬೇಕೆಂಬುದು ಅವರ ಅಪೇಕ್ಷೆ. ಮಾಸ್ತರರು ವಿನಯದಿಂದ, “ಧನಿಗಳೇ, ದ್ವಾರ ಆಗಲಿ. ಆದರೆ ಅದರೊಳಗೆ ಮಕ್ಕಳಿಗೆ ಅಕ್ಷರ ಕಲಿಸುವವಳಿಗೆ ಮೂರು ತಿಂಗಳಿಂದ ಸಂಬಳವಿಲ್ಲ” ಎಂದರು. ಧನಿಗಳು, “ಸಂಬಳಕ್ಕೆ ಕೊಟ್ಟರೆ ಏನು ಉಳಿಯುತ್ತದೆ ಮಾಸ್ಟ್ರೇ?” ಎಂದು ಕೇಳಿ ಎದ್ದು ಹೋದರು.

ಆ ಪ್ರಶ್ನೆ ಅವರೊಬ್ಬರದಲ್ಲ, ಲೋಕದ್ದೇ. ಕಣ್ಣಿಗೆ ಕಾಣುವ ಕಲ್ಲುಗಾರೆಗೆ ದಾನಿಗಳುಂಟು. ಸಂಬಳ, ದೀಪದ ಬಿಲ್ಲು, ಲೆಕ್ಕಪರಿಶೋಧಕರ ಶುಲ್ಕ ಇವುಗಳಿಗೆ ದಾನಿಗಳಿಲ್ಲ. 2013ರ ಕಂಪನಿ ಕಾಯಿದೆಯು ದೊಡ್ಡ ಕಂಪನಿಗಳು ಹಿಂದಿನ ಮೂರು ವರ್ಷಗಳ ಸರಾಸರಿ ಲಾಭದಲ್ಲಿ ಶೇಕಡಾ 2ರಷ್ಟನ್ನು ಸಮಾಜಕಾರ್ಯಕ್ಕೆ ವಿನಿಯೋಗಿಸಬೇಕೆಂದು ವಿಧಿಸಿತು. ಆದರೆ ಅಂಥ ಹಣ ಹಳ್ಳಿಯ ಹೆಂಚಿನ ಮನೆಯವರೆಗೆ ಬರುವುದು ವಿರಳ. ವಿದೇಶಿ ದೇಣಿಗೆಯಲ್ಲಿ ಆಡಳಿತವೆಚ್ಚಕ್ಕೆ ಶೇಕಡಾ 50ರವರೆಗೆ ಇದ್ದ ಅವಕಾಶ 2020ರ ತಿದ್ದುಪಡಿಯಿಂದ ಶೇಕಡಾ 20ಕ್ಕೆ ಇಳಿಯಿತು. ದುಂದುವೆಚ್ಚವನ್ನು ತಡೆಯುವುದು ಯುಕ್ತವೇ. ಆದರೆ ದುಡಿಯುವವರ ಅನ್ನವನ್ನು ದುಂದುವೆಚ್ಚವೆಂದು ಬಗೆಯುವುದು ಯುಕ್ತವಲ್ಲ.

ಈ ಸತ್ಯವನ್ನು ಅರಿತವರು ನಾಡಿನಲ್ಲಿ ಇಲ್ಲದೆ ಇಲ್ಲ. 1906ರಲ್ಲಿ ಕಾಲವಾದ ಸಿರಸಂಗಿಯ ಲಿಂಗರಾಜ ದೇಸಾಯಿಯವರು ತಮ್ಮ ಆಸ್ತಿಯನ್ನು ವಿದ್ಯಾಪ್ರಸಾರಕ್ಕೆಂದು ಮೃತ್ಯುಪತ್ರದಲ್ಲಿ ಬರೆದಿಟ್ಟರು. ಬೆಳಗಾವಿಯಲ್ಲಿ 1916ರಲ್ಲಿ ಕೆ.ಎಲ್.ಇ. ಸಂಸ್ಥೆಯನ್ನು ಸ್ಥಾಪಿಸಿದ ಏಳು ಮಂದಿ ಧನಿಕರಲ್ಲ, ಶಿಕ್ಷಕರು. ಬೆಳ್ತಂಗಡಿ ತಾಲ್ಲೂಕಿನಲ್ಲಿಯೇ 1982ರಲ್ಲಿ ಆರಂಭವಾದ ಧರ್ಮಸ್ಥಳದ ಗ್ರಾಮಾಭಿವೃದ್ಧಿ ಯೋಜನೆಯು ಪ್ರಗತಿಬಂಧು ಗುಂಪುಗಳನ್ನು ಕಟ್ಟಿತು. ಸಣ್ಣ ರೈತರು ಸರದಿಯಂತೆ ಒಬ್ಬರ ಹೊಲದಲ್ಲಿ ಇನ್ನೊಬ್ಬರು ದುಡಿದರು. ಅಲ್ಲಿ ಮೊದಲ ಬಂಡವಾಳ ಹಣವಲ್ಲ, ಮೈಮುರಿದ ದುಡಿಮೆ.

ಮಾಸ್ತರರು ಮಹಾಸಭೆಯನ್ನು ಕರೆದರು. ಭಾಷಣವನ್ನೇನೂ ಮಾಡಲಿಲ್ಲ, ಖಾತೆಪುಸ್ತಕವನ್ನು ಬಿಡಿಸಿ, ಜಮೆ ಖರ್ಚುಗಳನ್ನು ಮೊದಲಿಂದ ಕೊನೆಯವರೆಗೆ ಗಟ್ಟಿಯಾಗಿ ಓದಿದರು. ಕಟ್ಟಡ ನಿಧಿ ಇಷ್ಟು, ಅದನ್ನು ಮುಟ್ಟುವಂತಿಲ್ಲ. ಅಧ್ಯಾಪಿಕೆಗೆ ಬಾಕಿ ಇಷ್ಟು, ಅದನ್ನು ಕೊಡದೆ ಇರುವಂತಿಲ್ಲ. ಓದಿ ಮುಗಿಸಿ ಕುಳಿತರು. ಸಭೆ ಬಹಳ ಹೊತ್ತು ಮೌನವಾಗಿತ್ತು. ಬಳಿಕ ಬೀಡಿ ಕಟ್ಟಿ ಜೀವಿಸುವ ತಾಯಿಯೊಬ್ಬಳು ಎದ್ದು, ತಿಂಗಳಲ್ಲಿ ಒಂದು ದಿನದ ತನ್ನ ಮಜೂರಿಯನ್ನು ಕೊಡುವುದಾಗಿ ಹೇಳಿದಳು. ಅವಳ ಮಗು ಆ ಶಿಶುವಿಹಾರದಲ್ಲಿತ್ತು. ಅನಂತರ ಇನ್ನೊಬ್ಬರು, ಮತ್ತೊಬ್ಬರು ಎದ್ದರು.

ಎರಡು ತಿಂಗಳ ಸಂಬಳ ಆ ಮಾಸದಲ್ಲಿಯೇ ಸಂದಿತು. ಮೂರನೆಯದು ಅಡಕೆಯ ಮಾರಾಟದ ಕಾಲದವರೆಗೆ ಕಾಯಬೇಕಾಯಿತು. ಆಗ ಧನಿಗಳ ಮನೆಯಾಳು ಒಂದು ಲಕೋಟೆಯನ್ನು ತಂದುಕೊಟ್ಟನು. ಒಳಗೆ ಹಣವಿತ್ತು, ಜೊತೆಗಿದ್ದ ಚೀಟಿಯಲ್ಲಿ “ಸಂಬಳಕ್ಕೆ” ಎಂಬ ಒಂದೇ ಮಾತಿತ್ತು. ಮಾಸ್ತರರು ರಶೀದಿ ಬರೆದು ಕಳುಹಿಸಿ, ಖಾತೆಯಲ್ಲಿ ಆ ಧನಿಗಳ ತಾಯಿಯ ಹೆಸರಿನಲ್ಲಿಯೇ ಜಮೆ ಮಾಡಿದರು.

ಮಹಾದ್ವಾರವನ್ನು ಇಂದಿಗೂ ಕಟ್ಟಿಲ್ಲ. ಹೆಂಚಿನ ಮನೆಯಿಂದ ಮಾತ್ರ ಪ್ರತಿದಿನವೂ ಬೆಳಗ್ಗೆ ಮಕ್ಕಳ ಕಾಗುಣಿತದ ಧ್ವನಿ ಕೇಳಿಬರುತ್ತದೆ. ಸಂಬಳಕ್ಕೆ ಕೊಟ್ಟರೆ ಏನು ಉಳಿಯುತ್ತದೆಂಬ ಪ್ರಶ್ನೆಗೆ ಬೇರೆ ಉತ್ತರ ಬೇಕಿಲ್ಲ.